‘ಗಿವ್ ಅಪ್’ ಎಂದರೆ ‘ನಿಲ್ಲಿಸು’ ಅಲ್ಲ

ಕಳೆದ ವಾರ ನಮ್ಮ ಬೀದಿಯ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಇಂಗ್ಲಿಷ್ ಅಭ್ಯಾಸಪುಸ್ತಕವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ನಿವೃತ್ತ ಮೇಷ್ಟರ ಮನೆಗೆ ಮಕ್ಕಳು ಹೀಗೆ ಬರುವುದು ಹೊಸತೇನೂ ಅಲ್ಲ. ಪುಸ್ತಕದ ಆ ಪುಟದಲ್ಲಿ ಎರಡು ಸಾಲುಗಳಿದ್ದವು. ಎಡಗಡೆ ಐವತ್ತು ‘ಫ್ರೇಸಲ್ ವರ್ಬ್’ಗಳು, ಬಲಗಡೆ ಒಂದೊಂದಕ್ಕೂ ಒಂದೊಂದೇ ಅರ್ಥ. ‘ಗಿವ್ ಅಪ್’ ಎಂಬುದರ ಎದುರಿಗೆ ‘ಟು ಸ್ಟಾಪ್’ ಎಂದು ಅಚ್ಚಾಗಿತ್ತು. ಅದರ ಕೆಳಗೆ, ಸ್ವಂತ ವಾಕ್ಯದಲ್ಲಿ ಬಳಸಿರಿ ಎಂಬ ಸೂಚನೆಗೆ ಉತ್ತರವಾಗಿ ಆ ಮಗು ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು: ‘ದಿ ರೇನ್ ಗೇವ್ ಅಪ್ ಅಟ್ ಸಿಕ್ಸ್ ಓ ಕ್ಲಾಕ್.’ ಅಂದರೆ ಆರು ಗಂಟೆಗೆ ಮಳೆ ನಿಂತಿತು! ಅದರ ಪಕ್ಕದಲ್ಲಿ ಕೆಂಪು ಶಾಯಿಯ ‘ಸರಿ’ ಗುರುತು ಬೇರೆ.

ಮಗುವಿನದು ತಪ್ಪೇನೂ ಇಲ್ಲ. ‘ಗಿವ್ ಅಪ್’ ಎಂದರೆ ‘ಸ್ಟಾಪ್’, ಮಳೆ ‘ಸ್ಟಾಪ್’ ಆಗುತ್ತದೆ, ಆದ್ದರಿಂದ ಮಳೆ ‘ಗಿವ್ ಅಪ್’ ಆಗುತ್ತದೆ. ಈ ತರ್ಕದಲ್ಲಿ ಲೋಪವಿಲ್ಲ. ಲೋಪವಿರುವುದು ಆ ಪಟ್ಟಿಯಲ್ಲಿ. ಯಾರಾದರೂ ಕವಿ ಮಳೆಯನ್ನು ಮನುಷ್ಯನಂತೆ ಕಲ್ಪಿಸಿ, ಬಾನು ಸೋತು ಕೈಬಿಟ್ಟಿತೆಂಬ ಭಾವದಲ್ಲಿ ಹಾಗೆ ಬರೆದಾರು. ಆದರೆ ಏಳನೆಯ ತರಗತಿಯ ಹುಡುಗಿಗೆ ಇದ್ದದ್ದು ಕವಿಯ ಉದ್ದೇಶವಲ್ಲ, ಮಳೆ ನಿಂತಿತೆಂದು ಹೇಳುವ ಉದ್ದೇಶ. ಅದನ್ನು ಹೇಳಲು ಇಂಗ್ಲಿಷಿನಲ್ಲಿ ಯಾರೂ ‘ಗಿವ್ ಅಪ್’ ಎನ್ನುವುದಿಲ್ಲ. ಮಗು ಮುಂದೊಂದು ದಿನ ಯಾರದೋ ಎದುರಿನಲ್ಲಿ ಹೀಗೆ ಹೇಳಿ ನಗೆಪಾಟಲಿಗೆ ಈಡಾದಾಗ, ಅದು ತನ್ನ ಪಾಲಿನ ಅವಮಾನವೆಂದು ತಿಳಿಯುತ್ತದೆಯೇ ಹೊರತು ಪಟ್ಟಿಯ ಪಾಪವೆಂದು ತಿಳಿಯುವುದಿಲ್ಲ.

ನಾನು ಈ ಬರಹದಲ್ಲಿ ವಾದಿಸಹೊರಟಿರುವುದು ಇಷ್ಟೇ: ನಮ್ಮ ಶಾಲೆಗಳಲ್ಲಿ ಫ್ರೇಸಲ್ ವರ್ಬ್‌ಗಳನ್ನು ಪಟ್ಟಿ ಮಾಡಿ ಉರುಹೊಡೆಸುವ ಪದ್ಧತಿ ನಿಷ್ಪ್ರಯೋಜಕ ಮಾತ್ರವಲ್ಲ, ಹಾನಿಕರ. ಅದು ಮಕ್ಕಳಿಗೆ ಇಂಗ್ಲಿಷನ್ನೂ ಕಲಿಸುವುದಿಲ್ಲ, ಅವರಿಗೆ ಈಗಾಗಲೇ ಗೊತ್ತಿರುವ ಕನ್ನಡದ ನೆರವನ್ನೂ ಕಿತ್ತುಕೊಳ್ಳುತ್ತದೆ. ಈ ಮಾತನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂಬುದನ್ನು ಓದುಗರೇ ನಿರ್ಧರಿಸಲಿ. ಏಕೆಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಇಂಥವೇ ಪಟ್ಟಿಗಳನ್ನು ಕಪ್ಪುಹಲಗೆಯ ಮೇಲೆ ಬರೆದವರಲ್ಲಿ ನಾನೂ ಒಬ್ಬ.

ಮೊದಲು ಈ ಒಂದು ಕ್ರಿಯಾಪದ ದಿನನಿತ್ಯದ ಮಾತಿನಲ್ಲಿ ಹೇಗೆಲ್ಲ ಬಳಕೆಯಾಗುತ್ತದೆ ಎಂಬುದನ್ನು ನೋಡೋಣ.

‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದರೆ ಅವನು ಧೂಮಪಾನವನ್ನು ಬಿಟ್ಟುಬಿಟ್ಟ. ಪಟ್ಟಿಯವರಿಗೆ ಗೊತ್ತಿರುವುದು ಇದೊಂದೇ ವಾಕ್ಯ. ಇಲ್ಲಿಯೂ ಅರ್ಥ ಬರಿಯ ‘ನಿಲ್ಲಿಸಿದ’ ಎಂದಲ್ಲ; ತನ್ನದಾಗಿದ್ದ ಅಭ್ಯಾಸವೊಂದನ್ನು ತೊರೆದ ಎಂದು. ಮಧ್ಯಾಹ್ನ ಎರಡು ಗಂಟೆಗೆ ಉಣ್ಣುವುದನ್ನು ಮುಗಿಸಿದವನು ‘ಐ ಗೇವ್ ಅಪ್ ಲಂಚ್’ ಎಂದರೆ, ಕೇಳುವವನು ಇವನು ಮಧ್ಯಾಹ್ನದ ಊಟವನ್ನೇ ತ್ಯಜಿಸಿದ ವ್ರತಸ್ಥನೆಂದು ಭಾವಿಸುತ್ತಾನೆ. ಜೊತೆಗೆ ಇನ್ನೊಂದು ಸೂಕ್ಷ್ಮ: ‘ಗೇವ್ ಅಪ್’ ಆದ ಮೇಲೆ ಕ್ರಿಯೆ ಬಂದರೆ ಅದು ‘ಸ್ಮೋಕಿಂಗ್’ ಎಂಬ ರೂಪದಲ್ಲಿ ಬರಬೇಕು. ‘ಗೇವ್ ಅಪ್ ಟು ಸ್ಮೋಕ್’ ಎಂದು ನಮ್ಮ ಮಕ್ಕಳು ಬರೆಯುವುದು ಪಟ್ಟಿಯಲ್ಲಿರುವ ‘ಟು ಸ್ಟಾಪ್’ ಎಂಬುದರಲ್ಲಿನ ‘ಟು’ವನ್ನು ಎಲ್ಲಿ ಇಡಬೇಕೆಂದು ತಿಳಿಯದೆ.

‘ಶಿ ಗೇವ್ ಅಪ್ ಹರ್ ಸೀಟ್ ಟು ಆನ್ ಓಲ್ಡ್ ಮ್ಯಾನ್.’ ಅವಳು ಬಸ್ಸಿನಲ್ಲಿ ತನ್ನ ಜಾಗವನ್ನು ಮುದುಕರೊಬ್ಬರಿಗೆ ಬಿಟ್ಟುಕೊಟ್ಟಳು. ಇಲ್ಲಿ ‘ನಿಲ್ಲಿಸು’ ಎಂಬ ಅರ್ಥವನ್ನು ಎಲ್ಲಿ ತುರುಕುವುದು? 1936ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಂಟನೆಯ ಎಡ್ವರ್ಡ್ ತಾನು ಮೆಚ್ಚಿದ ಹೆಂಗಸನ್ನು ಮದುವೆಯಾಗುವುದಕ್ಕಾಗಿ ಸಿಂಹಾಸನವನ್ನು ‘ಗೇವ್ ಅಪ್’ ಮಾಡಿದ. ಬಸ್ಸಿನ ಸೀಟಿಗೂ ಸಾಮ್ರಾಜ್ಯದ ಸಿಂಹಾಸನಕ್ಕೂ ಇಂಗ್ಲಿಷರು ಒಂದೇ ಮಾತನ್ನು ಬಳಸುತ್ತಾರೆ.

ಒಗಟು ಹೇಳುವ ಆಟದಲ್ಲಿ ಉತ್ತರ ಹೊಳೆಯದಿದ್ದಾಗ ‘ಐ ಗಿವ್ ಅಪ್’ ಎನ್ನುತ್ತಾರೆ. ನಮ್ಮ ಮಕ್ಕಳು ಅದನ್ನೇ ‘ಸೋತೆ, ನೀನೇ ಹೇಳು’ ಎನ್ನುತ್ತಾರೆ. ತಲೆಮರೆಸಿಕೊಂಡಿದ್ದ ಕಳ್ಳ ‘ಗೇವ್ ಹಿಮ್‌ಸೆಲ್ಫ್ ಅಪ್’ ಎಂದರೆ ತಾನಾಗಿಯೇ ಪೊಲೀಸರಿಗೆ ಶರಣಾದ. ಹುಡುಕುವವರು ‘ಗೇವ್ ಅಪ್ ಹೋಪ್’ ಎಂದರೆ ಆಸೆ ಬಿಟ್ಟರು. ಇನ್ನು ಕೊನೆಗೆ ‘ಆನ್’ ಎಂಬ ಮತ್ತೊಂದು ಪುಟ್ಟ ಪದ ಸೇರಿದರೆ, ‘ದೇ ಗೇವ್ ಅಪ್ ಆನ್ ಹಿಮ್’, ಇವನು ಉದ್ಧಾರವಾಗುವವನಲ್ಲವೆಂದು ಅವನನ್ನು ಕೈಬಿಟ್ಟರು ಎಂದಾಗುತ್ತದೆ.

ಈ ಎಲ್ಲ ವಾಕ್ಯಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಅವುಗಳ ನಡುವಿನ ಎಳೆಯೊಂದು ತಾನಾಗಿಯೇ ಕಾಣುತ್ತದೆ. ಹಿಡಿದುಕೊಂಡಿದ್ದ ಏನೋ ಒಂದು ಇದೆ: ಅಭ್ಯಾಸ, ಆಸನ, ಅಧಿಕಾರ, ಆಸೆ, ಪ್ರಯತ್ನ, ಕೊನೆಗೆ ಸ್ವಂತ ದೇಹದ ಸ್ವಾತಂತ್ರ್ಯ. ಅದನ್ನು ಹಿಡಿದವನು ಹಿಡಿತ ಸಡಿಲಿಸುತ್ತಾನೆ. ‘ಬಿಡು’ ಎಂಬ ನಮ್ಮ ಧಾತುವಿನ ಕೆಲಸವೇ ಇದು. ಮಳೆ ಏನನ್ನೂ ಹಿಡಿದುಕೊಂಡಿರುವುದಿಲ್ಲ, ಆದ್ದರಿಂದ ಮಳೆಗೆ ಈ ಮಾತು ಸಲ್ಲುವುದಿಲ್ಲ. ಹೀಗೆ ಹೇಳಿದ ಕೂಡಲೇ ಆ ಹುಡುಗಿ, ‘ಹಾಗಾದರೆ ಟ್ಯೂಷನ್ ಬಿಟ್ಟೆ ಅನ್ನೋಕೆ ಬರುತ್ತೆ, ಬಸ್ಸು ನಿಂತಿತು ಅನ್ನೋಕೆ ಬರಲ್ಲ’ ಎಂದಳು. ಐವತ್ತು ಪದಗಳ ಪಟ್ಟಿ ಕಲಿಸಲಾರದ್ದನ್ನು ಐದು ವಾಕ್ಯಗಳು ಕಲಿಸಿದವು.

ಇದೇನೂ ನನ್ನ ಸಂಶೋಧನೆಯಲ್ಲ. ಕ್ರಿಯಾಪದದ ಬೆನ್ನಿಗೆ ಸಣ್ಣ ಪದವೊಂದನ್ನು ಅಂಟಿಸಿ ಅರ್ಥವನ್ನೇ ಬದಲಿಸಿಬಿಡುವ ಈ ಪದ್ಧತಿ ಪರಭಾಷಿಕರಿಗೆ ಬಹಳ ತೊಡಕಿನದೆಂದು 1755ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟಿನ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರಾದರೋ ತೀರ ಈಚಿನದು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬಾತ ತನ್ನ ಪುಸ್ತಕದಲ್ಲಿ ಈ ಹೆಸರನ್ನು ಬಳಸಿ, ಇದನ್ನು ತನಗೆ ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಬರೆದ. ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಓದುಬರಹ ಬಾರದ ಇಂಗ್ಲಿಷ್ ರೈತರು, ಅಡುಗೆಯವರು, ಗಾಡಿ ಹೊಡೆಯುವವರು ಇವುಗಳನ್ನು ನಿರಾಯಾಸವಾಗಿ ಬಳಸುತ್ತಿದ್ದರು. ಅವರಲ್ಲಿ ಯಾರೂ ಪಟ್ಟಿಯಿಂದ ಕಲಿತವರಲ್ಲ.

ಹಾಗೆ ನೋಡಿದರೆ ನಾವೂ ಕನ್ನಡದಲ್ಲಿ ಪಟ್ಟಿಯಿಂದ ಕಲಿತವರಲ್ಲ. ‘ಹೇಳು’ ಎಂಬ ಒಂದು ಧಾತುವನ್ನು ತೆಗೆದುಕೊಳ್ಳಿ. ಮೇಷ್ಟರು ಪಾಠ ಹೇಳಿಕೊಟ್ಟರು. ಸೊಸೆ ತವರಿನವರ ಬಳಿ ಕಷ್ಟ ಹೇಳಿಕೊಂಡಳು. ಹುಡುಗ ಗುಟ್ಟನ್ನು ಹೇಳಿಬಿಟ್ಟ. ಮೂರರಲ್ಲಿಯೂ ‘ಹೇಳಿ’ ಎಂಬ ಕೃದಂತಾವ್ಯಯ ಒಂದೇ. ಅದರ ಬೆನ್ನಿಗೆ ಬಂದ ಕೊಡು, ಕೊಳ್ಳು, ಬಿಡು ಎಂಬ ಪುಟ್ಟ ಕ್ರಿಯೆಗಳು ಅರ್ಥವನ್ನು ಮೂರು ದಿಕ್ಕಿಗೆ ತಿರುಗಿಸಿವೆ. ಮೂರನೆಯ ವಾಕ್ಯದಲ್ಲಿ ಹುಡುಗ ಹೇಳಬಾರದ್ದನ್ನು ಹೇಳಿದ್ದಾನೆ ಎಂಬುದನ್ನು ನಾಲ್ಕು ವರ್ಷದ ಮಗುವೂ ಗ್ರಹಿಸುತ್ತದೆ. ಕನ್ನಡ ಕಲಿಯುವ ಪರರಾಜ್ಯದವರನ್ನು ಕೇಳಿ ನೋಡಿ, ಈ ‘ಕೊಳ್ಳು’ವೂ ‘ಬಿಡು’ವೂ ಅವರಿಗೆ ಎಷ್ಟು ತಲೆನೋವು ಕೊಡುತ್ತವೆಂದು ಹೇಳುತ್ತಾರೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ‘ನೋಡು’ ಮತ್ತು ‘ನೋಡಿಕೊಳ್ಳು’. ಮಗುವನ್ನು ನೋಡುವುದು ಬೇರೆ, ಮಗುವನ್ನು ನೋಡಿಕೊಳ್ಳುವುದು ಬೇರೆ. ಇಂಗ್ಲಿಷಿನವರೂ ‘ಲುಕ್’ ಎಂಬ ನೋಟದ ಧಾತುವಿಗೇ ‘ಆಫ್ಟರ್’ ಸೇರಿಸಿ ಪಾಲನೆಯ ಅರ್ಥವನ್ನು ಪಡೆದಿದ್ದಾರೆ. ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳು ಒಂದೇ ದಾರಿಯಲ್ಲಿ ನಡೆದಿವೆ! ಎರಡೂ ತದ್ರೂಪ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬೆನ್ನಿಗೆ ಬರುವುದು ಇನ್ನೊಂದು ಕ್ರಿಯಾಪದ. ಅವರಲ್ಲಿ ಬರುವುದು ಮೇಲೆ, ಕೆಳಗೆ, ಆಚೆ, ಈಚೆ ಎಂಬಂಥ ದಿಕ್ಕು ತೋರುವ ಅವ್ಯಯ. ಆದರೆ ಒಂದು ಸಾಮಾನ್ಯ ಕ್ರಿಯೆಗೆ ಪುಟ್ಟ ಪದವೊಂದು ಜೊತೆಯಾಗಿ ಹೊಸ ಅರ್ಥ ಹುಟ್ಟುತ್ತದೆ ಎಂಬ ತತ್ತ್ವ ಕನ್ನಡದ ಮಗುವಿಗೆ ಹೊಸದಲ್ಲ. ಅದು ತಾಯಿಯ ಮಡಿಲಲ್ಲಿಯೇ ಕಲಿತದ್ದು. ಈ ಸಂಪತ್ತನ್ನು ಬಳಸಬಾರದೆಂದು ತರಗತಿಯ ಬಾಗಿಲಲ್ಲಿ ಕಸಿದುಕೊಳ್ಳುವ ನಮ್ಮ ಬುದ್ಧಿಗೆ ಏನೆನ್ನಬೇಕು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ತೊಂಬತ್ತರ ದಶಕದಲ್ಲಿ ನಾನು ಹೋಬಳಿ ಕೇಂದ್ರವೊಂದರ ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ‘ಗಿವ್ ಅಪ್’ ಎಂಬುದನ್ನು ವಾಕ್ಯದಲ್ಲಿ ಬಳಸಲು ಕೊಟ್ಟಿದ್ದೆ. ನಾನು ಕಪ್ಪುಹಲಗೆಯ ಮೇಲೆ ಬರೆಸಿದ್ದ ವಾಕ್ಯ ‘ಮೈ ಫಾದರ್ ಗೇವ್ ಅಪ್ ಸ್ಮೋಕಿಂಗ್’. ತರಗತಿಯ ಬಹುಪಾಲು ಮಕ್ಕಳು ಅದನ್ನೇ ಬರೆದಿದ್ದರು. ಇಡೀ ಹೋಬಳಿಯ ತಂದೆಯಂದಿರು ಒಂದೇ ದಿನ ಬೀಡಿ ಬಿಟ್ಟಂತೆ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಬೇರೆ ಬರೆದಿದ್ದ: ‘ಮೈ ಬ್ರದರ್ ಗೇವ್ ಅಪ್ ಹಿಸ್ ಸ್ಕೂಲ್ ಫಾರ್ ಮಿ.’ ನಾನು ‘ಗೇವ್ ಅಪ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ಲೆಫ್ಟ್’ ಎಂದು ತಿದ್ದಿ, ಸೊನ್ನೆ ಕೊಟ್ಟೆ. ಶಾಲೆ ಬಿಡುವುದಕ್ಕೆ ‘ಲೆಫ್ಟ್’ ಎನ್ನಬೇಕು ಎಂಬುದು ನನ್ನ ಪಟ್ಟಿಯಲ್ಲಿ ಇನ್ನೊಂದು ಕಡೆ ಇತ್ತು.

ಆ ವಾಕ್ಯ ಸರಿಯಾಗಿತ್ತು. ‘ಹಿಸ್ ಸ್ಟಡೀಸ್’ ಎಂದಿದ್ದರೆ ಇನ್ನೂ ಸಹಜವಾಗುತ್ತಿತ್ತು, ಅಷ್ಟೇ. ಕ್ರಿಯಾಪದದ ಪ್ರಯೋಗದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ‘ಲೆಫ್ಟ್’ ಎಂದರೆ ಅಣ್ಣ ಶಾಲೆ ಬಿಟ್ಟ ಎಂದಷ್ಟೇ ಆಗುತ್ತದೆ. ಮನೆಯಲ್ಲಿ ಒಬ್ಬನನ್ನು ಮಾತ್ರ ಓದಿಸಲು ಸಾಧ್ಯವಿದ್ದಾಗ, ತಾನು ಹೊಲಕ್ಕೆ ಹೋಗಿ ತಮ್ಮನಿಗೆ ಜಾಗ ಬಿಟ್ಟುಕೊಟ್ಟ ಎಂಬುದನ್ನು ಹೇಳಲು ‘ಗೇವ್ ಅಪ್’ ಎಂಬುದೇ ಬೇಕು. ಆ ಹುಡುಗ ಕನ್ನಡದಲ್ಲಿ ‘ಬಿಟ್ಟುಕೊಟ್ಟ’ ಎಂದು ಯೋಚಿಸಿ ಇಂಗ್ಲಿಷಿನಲ್ಲಿ ಸರಿಯಾದ ಮಾತನ್ನು ತಲುಪಿದ್ದ. ನಾನು ಬಿ.ಎಡ್. ಪದವೀಧರ, ಅದನ್ನು ಕಾಣಲಿಲ್ಲ. ಕಂಡದ್ದು ಹಲವು ವರ್ಷಗಳ ನಂತರ, ಒಳ್ಳೆಯ ನಿಘಂಟೊಂದನ್ನು ಬಿಡುವಿನಲ್ಲಿ ತಿರುವುತ್ತಿದ್ದಾಗ.

ಒಂದು ಅಂಕದಿಂದ ಅವನ ಬದುಕು ಕೆಟ್ಟಿತೆಂದು ನಾನು ಕಣ್ಣೀರಿನ ಕಥೆ ಹೇಳುತ್ತಿಲ್ಲ. ಅವನು ಎಸ್ಸೆಸ್ಸೆಲ್ಸಿ ಪಾಸಾದ. ಆದರೆ ಆ ವರ್ಷ ಅವನು ಮತ್ತೆಂದೂ ನನ್ನ ಪರೀಕ್ಷೆಗಳಲ್ಲಿ ಸ್ವಂತ ವಾಕ್ಯ ಬರೆಯಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ‘ಮೈ ಫಾದರ್ ಗೇವ್ ಅಪ್ ಸ್ಮೋಕಿಂಗ್’ ಎಂದು ಬರೆದು ಪೂರ್ಣ ಅಂಕ ಪಡೆದ. ಅವನ ತಂದೆಯನ್ನು ನಾನು ಬಲ್ಲೆ, ಅವರಿಗೆ ಬೀಡಿಯ ಅಭ್ಯಾಸವೇ ಇರಲಿಲ್ಲ. ನಿಜವನ್ನು ಬರೆದರೆ ಸೊನ್ನೆ, ಮೇಷ್ಟರ ಸುಳ್ಳನ್ನು ನಕಲು ಮಾಡಿದರೆ ಪೂರ್ಣಾಂಕ ಎಂಬ ಪಾಠವನ್ನು ನಾನು ಅವನಿಗೆ ಕಲಿಸಿದ್ದೆ. ಪಟ್ಟಿಯ ಪದ್ಧತಿ ಹಾನಿಕರವೆಂದು ಮೇಲೆ ಹೇಳಿದ್ದು ಈ ಅರ್ಥದಲ್ಲಿ.

ಇದಕ್ಕೆ ವಿರುದ್ಧವಾದ ಒಂದು ದಿನವೂ ನನ್ನ ನೆನಪಿನಲ್ಲಿದೆ. 2015ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ಅನುಕೂಲಸ್ಥರು ಅಡುಗೆ ಅನಿಲದ ಸಬ್ಸಿಡಿಯನ್ನು ತಾವಾಗಿಯೇ ಬಿಟ್ಟುಕೊಡಬೇಕೆಂದು ‘ಗಿವ್ ಇಟ್ ಅಪ್’ ಎಂಬ ಆಂದೋಲನವನ್ನು ಆರಂಭಿಸಿತು. ಮುಂದಿನ ವರ್ಷದ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಗ್ರಾಹಕರು ಹಾಗೆ ಬಿಟ್ಟುಕೊಟ್ಟರು. ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಅದು ಗಿವ್ ಅಪ್ ಇಟ್ ಅಂತ ಇರಬೇಕಲ್ಲವಾ? ಗಿವ್ ಅಪ್ ಅನ್ನೋದನ್ನ ಒಡೆಯಬಹುದಾ?’ ಎಂದು ಕೇಳಿದಳು. ಅಂದು ನಾನು ಪಠ್ಯವನ್ನು ಮುಚ್ಚಿಟ್ಟೆ. ನಾಮಪದವಾದರೆ ‘ಗಿವ್ ಅಪ್ ದಿ ಸಬ್ಸಿಡಿ’ ಎಂದೂ ‘ಗಿವ್ ದಿ ಸಬ್ಸಿಡಿ ಅಪ್’ ಎಂದೂ ಎರಡು ಬಗೆಯಲ್ಲಿ ಹೇಳಬಹುದು. ಸರ್ವನಾಮವಾದರೆ ಅದು ನಡುವೆಯೇ ಕೂರಬೇಕು, ‘ಗಿವ್ ಅಪ್ ಇಟ್’ ಎನ್ನುವಂತಿಲ್ಲ ಎಂದು ಹೇಳಿದೆ. ಮಕ್ಕಳು ತಾವಾಗಿಯೇ ‘ಸ್ವಿಚ್ ಇಟ್ ಆಫ್’, ‘ಪುಟ್ ಇಟ್ ಆನ್’, ‘ಪಿಕ್ ಹಿಮ್ ಅಪ್’ ಎಂದು ಉದಾಹರಣೆಗಳನ್ನು ಕೊಡತೊಡಗಿದರು. ಇವೆಲ್ಲ ಅವರು ಮನೆಯಲ್ಲಿ, ಬೀದಿಯಲ್ಲಿ, ಟೀವಿಯಲ್ಲಿ ಕೇಳಿದವುಗಳೇ. ಮತ್ತೊಬ್ಬ ಹುಡುಗ, ‘ನಮ್ಮ ಮನೆಯಲ್ಲಿ ಗ್ಯಾಸೇ ಇಲ್ಲ ಸಾರ್, ನಾವೇನು ಬಿಡೋದು?’ ಎಂದ. ತರಗತಿ ನಕ್ಕಿತು. ಹಿಡಿದುಕೊಂಡಿರುವವನು ಮಾತ್ರ ‘ಗಿವ್ ಅಪ್’ ಮಾಡಬಲ್ಲ ಎಂಬುದನ್ನು ಅವನಿಗಿಂತ ಚೆನ್ನಾಗಿ ಯಾವ ವ್ಯಾಕರಣ ಪುಸ್ತಕವೂ ವಿವರಿಸಲಾರದು. ಆದರೂ ಪರೀಕ್ಷೆ ಹತ್ತಿರವಾದಂತೆ ನಾನು ಮತ್ತೆ ಪಟ್ಟಿಗೇ ಮರಳಿದೆ ಎಂಬುದನ್ನೂ ಮುಚ್ಚಿಡಲಾರೆ.

ಈಗ ಆಕ್ಷೇಪಗಳಿಗೆ ಬರೋಣ. ‘ಅರವತ್ತು ಮಕ್ಕಳ ತರಗತಿಯಲ್ಲಿ ಒಂದೊಂದು ಪದಕ್ಕೆ ಒಂದೊಂದು ದಿನ ಕೊಟ್ಟರೆ ಪಾಠ ಮುಗಿಯುವುದೆಂದು?’ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಐವತ್ತು ಪದಗಳನ್ನು ಮುಗಿಸಿ ಒಂದನ್ನೂ ಬಳಸಲು ಬಾರದಂತೆ ಮಾಡುವುದಕ್ಕಿಂತ ಹತ್ತನ್ನು ಕಲಿಸಿ ಹತ್ತನ್ನೂ ಬಳಸುವಂತೆ ಮಾಡುವುದು ಲೇಸಲ್ಲವೇ? ಪಾಠ ಮುಗಿಯಿತೆಂಬುದು ಮೇಷ್ಟರ ಡೈರಿಯ ಮಾತು, ಮಗುವಿನ ತಲೆಯ ಮಾತಲ್ಲ.

‘ಇಂಗ್ಲಿಷ್ ತರಗತಿಯಲ್ಲಿ ಕನ್ನಡ ತಂದರೆ ಇಂಗ್ಲಿಷ್ ಬರುವುದಿಲ್ಲ’ ಎಂಬುದು ಎರಡನೆಯ ಆಕ್ಷೇಪ. ಇದು ಬಹಳ ಹಳೆಯ ಮೂಢನಂಬಿಕೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದೇ ಪರಿಗಣಿಸಿದೆ. ನಮ್ಮ ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ತೊಡಗಿದರು. ಕಲಿಕೆಯ ವರ್ಷಗಳು ಹೆಚ್ಚಿದವು. ಆದರೆ ವಿಧಾನ ಬದಲಾಗದೆ ವರ್ಷಗಳನ್ನು ಮಾತ್ರ ಹೆಚ್ಚಿಸಿದರೆ ಉರುಹೊಡೆಯುವ ಕಾಲವಷ್ಟೇ ಹೆಚ್ಚುತ್ತದೆ. ‘ಬಿಟ್ಟುಬಿಟ್ಟ’ ಮತ್ತು ‘ಬಿಟ್ಟುಕೊಟ್ಟ’ ಎಂಬ ಎರಡು ಮಾತುಗಳನ್ನು ಬಳಸಿ ಎರಡು ನಿಮಿಷದಲ್ಲಿ ತಿಳಿಸಬಹುದಾದ ವ್ಯತ್ಯಾಸವನ್ನು, ಇಂಗ್ಲಿಷಿನಿಂದಲೇ ತಿಳಿಸುತ್ತೇನೆಂಬ ಹಟಕ್ಕೆ ಬಿದ್ದು ‘ಅಬ್ಯಾಂಡನ್’, ‘ರಿಲಿಂಕ್ವಿಶ್’ ಎಂಬ ಇನ್ನೂ ಕಠಿಣವಾದ ಪದಗಳಿಂದ ವಿವರಿಸಹೋಗುವುದು ಎಷ್ಟರಮಟ್ಟಿಗೆ ವಿವೇಕ? ಗೊತ್ತಿಲ್ಲದ್ದನ್ನು ಇನ್ನೂ ಗೊತ್ತಿಲ್ಲದ್ದರಿಂದ ತಿಳಿಸುವುದು ಬೋಧನೆಯಲ್ಲ.

‘ನಮಗೆ ಈ ಆಡುಮಾತಿನ ಇಂಗ್ಲಿಷ್ ಏಕೆ ಬೇಕು? ದೊಡ್ಡ ಪದಗಳೇ ಗೌರವ’ ಎನ್ನುವವರೂ ಇದ್ದಾರೆ. ಇವರ ಇಂಗ್ಲಿಷ್ ಅರ್ಜಿಗೆ ಸರಿ, ಮಾತಿಗೆ ಸಲ್ಲದು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದನ್ನು ‘ರಿಲಿಂಕ್ವಿಶ್ಡ್’ ಎಂದು ಹೇಳುವುದು, ಕನ್ನಡದಲ್ಲಿ ‘ನಾನು ಆಸನವನ್ನು ಪರಿತ್ಯಜಿಸಿದೆನು’ ಎಂದು ಕಂಡಕ್ಟರಿಗೆ ಹೇಳಿದಂತೆ. ಇಂಗ್ಲಿಷಿನ ಜೀವ ಈ ಪುಟ್ಟ ಪದಗಳಲ್ಲಿದೆ. ದೊಡ್ಡ ಪದಗಳನ್ನು ಪಟ್ಟಣದ ಮಕ್ಕಳೂ ನಿಘಂಟಿನಿಂದಲೇ ಕಲಿಯಬೇಕು. ಪುಟ್ಟ ಪದಗಳನ್ನು ಮಾತ್ರ ಅವರು ಮನೆಯಲ್ಲಿಯೇ ಕೇಳಿ ಕಲಿತಿರುತ್ತಾರೆ. ಹಳ್ಳಿಯ ಮಗು ಹಿಂದೆ ಬೀಳುವುದು ಇಲ್ಲಿ. ಆದ್ದರಿಂದ ಶಾಲೆ ಹೆಚ್ಚು ಶ್ರಮಪಡಬೇಕಾದದ್ದೂ ಇಲ್ಲಿಯೇ.

ಹಾಗಾದರೆ ಮಾಡಬೇಕಾದದ್ದೇನು? ವಾರಕ್ಕೆ ಒಂದೇ ಒಂದು ಕ್ರಿಯಾಪದವನ್ನು ತೆಗೆದುಕೊಳ್ಳಿ. ಅದರ ಐದಾರು ವಾಕ್ಯಗಳನ್ನು ಒಟ್ಟಿಗೆ ಬರೆಯಿರಿ. ಪ್ರತಿಯೊಂದಕ್ಕೂ ಮನೆಯಲ್ಲಿ ಏನೆನ್ನುತ್ತೀರೆಂದು ಮಕ್ಕಳನ್ನೇ ಕೇಳಿ. ಕರಾವಳಿಯ ಮಗು ಒಂದು ಹೇಳೀತು, ಧಾರವಾಡದ ಮಗು ಇನ್ನೊಂದು ಹೇಳೀತು, ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಅವರವರ ಮನೆಯ ನಿಜ ಸಂಗತಿಯೊಂದನ್ನು ಅದೇ ಕ್ರಿಯಾಪದ ಬಳಸಿ ಬರೆಯಲು ಹೇಳಿ. ತಿದ್ದುವಾಗ ನಿಮ್ಮ ಪಟ್ಟಿಯನ್ನು ಮೇಜಿನ ಕೆಳಗಿಟ್ಟು, ಒಳ್ಳೆಯ ನಿಘಂಟನ್ನು ಮೇಜಿನ ಮೇಲಿಟ್ಟುಕೊಳ್ಳಿ. ಮಗು ಬರೆದದ್ದು ನಿಮಗೆ ಅಪರಿಚಿತವೆನಿಸಿದ ಮಾತ್ರಕ್ಕೆ ತಪ್ಪೆಂದು ಹೊಡೆಯಬೇಡಿ. ಒಮ್ಮೆ ನೋಡಿ, ಆಮೇಲೆ ಹೊಡೆಯಿರಿ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿಯೂ ನನ್ನದೊಂದು ವಿನಂತಿ: ಹೊಂದಿಸಿ ಬರೆಯಿರಿ ಎಂಬ ಎರಡು ಸಾಲುಗಳ ಬದಲು ಖಾಲಿ ಜಾಗವಿರುವ ನಾಲ್ಕು ವಾಕ್ಯಗಳ ಸಂಭಾಷಣೆಯೊಂದನ್ನು ಕೊಡಿ. ಪರೀಕ್ಷೆ ಬದಲಾಗದೆ ಪಾಠ ಬದಲಾಗದು ಎಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ನಮ್ಮ ಬೀದಿಯ ಹುಡುಗಿ ಅಂದು ಹೊರಡುವ ಮುನ್ನ ಮಳೆಯ ವಾಕ್ಯವನ್ನು ಹೊಡೆದು ಹೊಸದೊಂದನ್ನು ಬರೆದಳು. ಅವಳ ಅಜ್ಜಿ ಮೊಣಕಾಲು ನೋವಿನಿಂದಾಗಿ ದೇವಸ್ಥಾನಕ್ಕೆ ನಡೆದುಹೋಗುವುದನ್ನು ಬಿಟ್ಟರಂತೆ: ‘ಮೈ ಗ್ರ್ಯಾಂಡ್‌ಮದರ್ ಗೇವ್ ಅಪ್ ವಾಕಿಂಗ್ ಟು ದಿ ಟೆಂಪಲ್.’ ವಾಕ್ಯ ಸರಿಯಾಗಿದೆ, ಸಂಗತಿಯೂ ನಿಜ. ಆದರೂ ಅವಳು ಪುಸ್ತಕ ಮುಚ್ಚುತ್ತ, ‘ತಾತ, ಮಿಸ್ ಮೊದಲಿನದಕ್ಕೆ ರೈಟ್ ಹಾಕಿದ್ದಾರಲ್ಲ, ಪರೀಕ್ಷೆಯಲ್ಲಿ ಯಾವುದು ಬರೀಲಿ?’ ಎಂದು ಕೇಳಿದಳು. ಅಜ್ಜಿಯದನ್ನೇ ಬರೆ, ಅಂಕ ಕೊಡದಿದ್ದರೆ ನಿಮ್ಮ ಮಿಸ್‌ಗೆ ತೋರಿಸು ಎಂದು ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಅಂದು ಆ ಹಿಂದಿನ ಬೆಂಚಿನ ಹುಡುಗನಿಗೆ ಇಂಥದೊಂದು ಚೀಟಿ ಬರೆದುಕೊಡುವವರು ಯಾರೂ ಇರಲಿಲ್ಲ. ಈ ಬರಹವನ್ನು ಓದುವ ಅಧ್ಯಾಪಕ ಮಿತ್ರರಲ್ಲಿ ಒಬ್ಬರಾದರೂ ಕೆಂಪು ಪೆನ್ನು ಎತ್ತುವ ಮುನ್ನ ಒಂದು ಕ್ಷಣ ಯೋಚಿಸಿದರೆ ನಾನು ಬರೆದದ್ದು ಸಾರ್ಥಕ.